ರುಫೈದಾರ ಡೇರೆ ಮತ್ತು ನಮ್ಮ ಹೆಣ್ಣುಮಕ್ಕಳು

ಪರಲೋಕದ ವಿಚಾರಣೆಯ ದಿನ ಅಲ್ಲಾಹನು ತನ್ನ ದಾಸನನ್ನು ಒಂದು ವಿಚಿತ್ರ ಪ್ರಶ್ನೆಯಿಂದ ಬೆರಗುಗೊಳಿಸುವನೆಂದು ಪ್ರವಾದಿವರ್ಯರು(ಸ) ತಿಳಿಸಿರುವರು. ತಾನು ರೋಗಿಯಾಗಿದ್ದಾಗ ದಾಸನು ತನ್ನನ್ನು ನೋಡಲು ಬರಲಿಲ್ಲವೇಕೆ ಎಂಬುದೇ ಆ ಪ್ರಶ್ನೆ. ಸರ್ವಲೋಕಗಳ ಪ್ರಭುವಿಗೆ ರೋಗವೆಲ್ಲಿಂದ ಬಂತೆಂದು ದಾಸನು ತಬ್ಬಿಬ್ಬಾಗುವನು. ಆಗ, ಕಾಯಿಲೆ ಬಿದ್ದಿದ್ದ ಒಬ್ಬ ಮನುಷ್ಯನನ್ನು ಅವನಿಗೆ ನೆನಪಿಸಲಾಗುವುದು. ಆ ರೋಗಿಯ ಬಳಿಗೆ ಹೋಗಿದ್ದರೆ ಅಲ್ಲಿಯೇ ದೇವನನ್ನು ಕಾಣಬಹುದಾಗಿತ್ತೆಂದು ತಿಳಿಸಲಾಗುವುದು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ನಾವು ಅನೇಕ ಸಲ ಕೇಳಿರುತ್ತೇವೆ.

ಹಣ್ಣು ಹಿಡಿದುಕೊಂಡು ಹೋಗಿ ಹತ್ತು ನಿಮಿಷ ಕುಳಿತು ಬರುವವನಿಗೇ ಇಂಥ ಸ್ಥಾನವಿದ್ದರೆ, ರಾತ್ರಿಯಿಡೀ ಎಚ್ಚರವಿದ್ದು ರೋಗಿಯ ಗಾಯ ತೊಳೆಯುವವರ, ವಾಂತಿ ಬಳಿಯುವವರ, ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರ ಸ್ಥಾನ ಎಂಥದಿರಬೇಕು? ಅದೂ ತಮ್ಮವರಲ್ಲದ, ಮರುದಿನ ಮುಖವನ್ನೂ ಕಾಣದ ಜನರಿಗಾಗಿ ಸಂಬಳದ ಆಸೆಯಿಲ್ಲದೆ ದೂರದ ಊರಿಗೆ ಹೋಗಿ ಮಾಡಿದರೆ?

ಓದುಗರೇ, ಈ ಪ್ರಶ್ನೆಯನ್ನು ನಮ್ಮ ಮನೆಯೊಳಗೇ ಕೇಳಿಕೊಳ್ಳಬೇಕಾಗಿದೆ. ಸಾಲಿಗ್ರಾಮದಂಥ ಊರಿನಲ್ಲಿ ನಮ್ಮ ಮನೆಯ ಸೊಸೆಗೆ ಹೆರಿಗೆ ನೋವು ಕಾಣಿಸಿಕೊಂಡರೆ ಕೆ.ಆರ್. ನಗರಕ್ಕೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಧಾವಿಸುತ್ತೇವೆ. ಒಳಗೆ ಹೆಂಗಸರೇ ಇರಬೇಕು, ನರ್ಸಮ್ಮನೇ ನೋಡಬೇಕು ಎಂದು ಹಟ ಹಿಡಿಯುತ್ತೇವೆ. ಆ ಹಟದಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮದೇ ಮಗಳು ನರ್ಸಿಂಗ್ ಕಲಿಯುತ್ತೇನೆಂದರೆ, "ಅದೇನು ಕೆಲಸವಮ್ಮ, ಸಂಬಂಧ ಕೂಡಿ ಬರುವುದಿಲ್ಲ" ಎಂದು ಬಾಯಿ ಮುಚ್ಚಿಸುತ್ತೇವೆ. ನಮ್ಮ ಹೆಂಗಸರ ಮಾನ ಕಾಯಲು ಬೇರೆಯವರ ಹೆಣ್ಣುಮಕ್ಕಳು ಬೇಕು, ನಮ್ಮ ಹೆಣ್ಣುಮಕ್ಕಳು ಮಾತ್ರ ಯಾರ ಕಷ್ಟಕ್ಕೂ ಆಗಬಾರದು. ಇದು ಯಾವ ನ್ಯಾಯ?

ಮಸೀದಿಯಲ್ಲೊಂದು ಡೇರೆ

ಹಿಜ್ರಾ ಐದನೆಯ ವರ್ಷ, ಅಂದರೆ ಕ್ರಿ.ಶ. 627ರಲ್ಲಿ ಖಂದಕ್ ಯುದ್ಧ ನಡೆಯಿತು. ಅನ್ಸಾರರ ನಾಯಕ ಹಝ್ರತ್ ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ನಾಟಿ ರಕ್ತನಾಳ ಹರಿಯಿತು. ಪ್ರವಾದಿವರ್ಯರು(ಸ) ಅವರನ್ನು ಅವರ ಮನೆಗೆ ಕಳುಹಿಸಲಿಲ್ಲ. ಮಸ್ಜಿದುನ್ನಬವಿಯಲ್ಲಿ ಹಾಕಲಾಗಿದ್ದ ಒಂದು ಡೇರೆಯಲ್ಲಿ ಮಲಗಿಸಲು ಹೇಳಿದರು. ಅದು ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆಯ ಡೇರೆ. ಗಾಯಾಳುಗಳಿಗೆ, ಅದರಲ್ಲೂ ನೋಡಿಕೊಳ್ಳಲು ಯಾರೂ ಇಲ್ಲದವರಿಗೆ, ಆಕೆ ದೇವನ ಪ್ರತಿಫಲವನ್ನು ಮಾತ್ರ ಬಯಸಿ ಅಲ್ಲಿ ಉಪಚರಿಸುತ್ತಿದ್ದರು. ಪ್ರವಾದಿವರ್ಯರು(ಸ) ಬೆಳಿಗ್ಗೆ ಸಂಜೆ ಅಲ್ಲಿಗೆ ಬಂದು ಸಅದ್(ರ)ರ ಕ್ಷೇಮ ವಿಚಾರಿಸುತ್ತಿದ್ದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಶುಶ್ರೂಷೆಗೆ ಸಿಕ್ಕ ಜಾಗ. ಊರ ಹೊರಗಿನ ಯಾವುದೋ ಮೂಲೆಯನ್ನು ಅದಕ್ಕೆ ಕೊಡಲಿಲ್ಲ. ನಮಾಝ್ ನಡೆಯುವ ಮಸೀದಿಯಲ್ಲೇ ಜಾಗ ಕೊಡಲಾಯಿತು. ಎರಡು, ಸಅದ್(ರ) ಬದುಕಿ ಉಳಿಯಲಿಲ್ಲ. ಗಾಯ ಮತ್ತೆ ಬಾಯಿ ಬಿಟ್ಟು ಅವರು ಹುತಾತ್ಮರಾದರು. ಆದರೂ ರುಫೈದಾ(ರ)ರ ಸೇವೆ ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ. ಗುಣಪಡಿಸುವವನು ಅಲ್ಲಾಹನು. ದಾದಿಯ ಪಾಲಿಗಿರುವುದು ಪ್ರಯತ್ನ ಮತ್ತು ಕರುಣೆ. ಕೈಯಲ್ಲೇ ರೋಗಿಯನ್ನು ಕಳೆದುಕೊಂಡು ಕಣ್ಣೀರಿಡುವ ಪ್ರತಿಯೊಬ್ಬ ದಾದಿಗೂ ಇದರಲ್ಲಿ ಸಾಂತ್ವನವಿದೆ. ದಿಲ್ಲಿಯ ಜಾಮಿಯಾ ಹಮ್ದರ್ದ್ ತನ್ನ ನರ್ಸಿಂಗ್ ಕಾಲೇಜಿಗೆ ರುಫೈದಾರ ಹೆಸರಿಟ್ಟಿರುವುದು ಸೂಕ್ತವಾಗಿಯೇ ಇದೆ.

ರುಫೈದಾ(ರ) ಒಬ್ಬರೇ ಅಲ್ಲ. ಹಝ್ರತ್ ಉಮ್ಮು ಅತಿಯ್ಯಾ(ರ) ಪ್ರವಾದಿವರ್ಯರ(ಸ) ಜೊತೆ ಏಳು ಯುದ್ಧಗಳಿಗೆ ಹೋಗಿ ಶಿಬಿರದಲ್ಲಿ ಅಡುಗೆ ಮಾಡಿದರು, ಗಾಯಾಳುಗಳಿಗೆ ಮದ್ದು ಹಚ್ಚಿದರು. ಹಝ್ರತ್ ರುಬಯ್ಯಿಅ್ ಬಿಂತ್ ಮುಅವ್ವಿದ್(ರ) ಸೈನಿಕರಿಗೆ ನೀರು ಕುಡಿಸಿದ, ಗಾಯಾಳುಗಳನ್ನು ಉಪಚರಿಸಿದ, ಮಡಿದವರನ್ನು ಮದೀನಕ್ಕೆ ಸಾಗಿಸಿದ ವೃತ್ತಾಂತವನ್ನು ಹೇಳಿರುವರು. ಉಹುದ್‌ನಲ್ಲಿ ಪ್ರವಾದಿವರ್ಯರ(ಸ) ಮುಖಕ್ಕೆ ಗಾಯವಾದಾಗ ಹಝ್ರತ್ ಅಲೀ(ರ) ನೀರು ಸುರಿದರು, ಹಝ್ರತ್ ಫಾತಿಮಾ(ರ) ತೊಳೆದರು. ರಕ್ತ ನಿಲ್ಲದಿರುವುದನ್ನು ಕಂಡು ಚಾಪೆಯ ತುಂಡೊಂದನ್ನು ಸುಟ್ಟು ಆ ಬೂದಿಯನ್ನು ಗಾಯಕ್ಕೆ ಒತ್ತಿದರು. ಅಂದಿನ ಕಾಲದಲ್ಲಿ ತಿಳಿದಿದ್ದ ಚಿಕಿತ್ಸೆ ಅದು.

ಶುಶ್ರೂಷೆ ಹೆಂಗಸರಿಗಷ್ಟೇ ಎಂದು ಭಾವಿಸುವ ಸಹೋದರರೂ ಒಂದು ಘಟನೆಯನ್ನು ನೆನಪಿಡಬೇಕು. ಬದ್ರ್ ಯುದ್ಧದ ಸಮಯದಲ್ಲಿ ಹಝ್ರತ್ ಉಸ್ಮಾನ್(ರ)ರ ಪತ್ನಿ, ಪ್ರವಾದಿಪುತ್ರಿ ರುಖಯ್ಯಾ(ರ) ಕಾಯಿಲೆಯಿಂದ ಮಲಗಿದ್ದರು. ಮನೆಯಲ್ಲಿದ್ದು ಆಕೆಯನ್ನು ನೋಡಿಕೊಳ್ಳುವಂತೆ ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಬದ್ರ್‌ನಲ್ಲಿ ಭಾಗವಹಿಸಿದವರ ಪ್ರತಿಫಲವೂ ಪಾಲೂ ಅವರಿಗೆ ದೊರೆಯಿತು. ಹೆಂಡತಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವನನ್ನು ರಣರಂಗದಲ್ಲಿ ನಿಂತವನಿಗೆ ಸಮನಾಗಿ ಎಣಿಸಿದ ಧರ್ಮ ನಮ್ಮದು.

ಬೊಂಬಾಯಿಯಿಂದ ತುರ್ಕಿಗೆ

ಇದೆಲ್ಲ ಸಹಾಬಿಗಳ ಕಾಲದ ಮಾತು ಎನ್ನುವವರಿಗೆ ನಮ್ಮದೇ ದೇಶದ ಒಂದು ಉದಾಹರಣೆಯಿದೆ. 1912ರಲ್ಲಿ ಬಾಲ್ಕನ್ ಯುದ್ಧ ಆರಂಭವಾಗಿ ತುರ್ಕಿಯ ಗಾಯಾಳು ಸೈನಿಕರು ದಿಕ್ಕಿಲ್ಲದೆ ನರಳುತ್ತಿದ್ದಾಗ ಭಾರತದ ಮುಸ್ಲಿಮರು ಹಣ ಕೂಡಿಸಿ ಒಂದು ವೈದ್ಯಕೀಯ ತಂಡವನ್ನು ಕಳುಹಿಸಿದರು. ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರು ಅದರ ಮುಖಂಡರು. ಆ ವರ್ಷದ ಡಿಸೆಂಬರಿನಲ್ಲಿ ಬೊಂಬಾಯಿಯಿಂದ ಹಡಗು ಹತ್ತಿದ ಆ ತಂಡದಲ್ಲಿ ವೈದ್ಯರ ಜೊತೆಗೆ ಸ್ವಯಂಸೇವಕ ಯುವಕರೂ ಇದ್ದರು. ಅಲೀಘಡದಲ್ಲಿ ಓದುತ್ತಿದ್ದ ಹುಡುಗರು ಪುಸ್ತಕ ಬದಿಗಿಟ್ಟು ಗಾಯ ಕಟ್ಟುವ, ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸಕ್ಕೆ ನಿಂತರು. ಅವರಲ್ಲಿ ಪೇಶಾವರದ ಅಬ್ದುರ್ರಹ್ಮಾನ್ ಎಂಬ ಯುವಕನು ಯುದ್ಧ ಮುಗಿದ ಮೇಲೂ ಹಿಂದಿರುಗದೆ ತುರ್ಕಿಯಲ್ಲೇ ಉಳಿದನು. ತಂಡದ ಇತರರು 1913ರಲ್ಲಿ ಮರಳಿದರು.

ಅದಕ್ಕೂ ಮೊದಲು, 1854ರಲ್ಲಿ, ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ಮಹಿಳೆಯರೊಂದಿಗೆ ಬಂದು ಶುಶ್ರೂಷೆ ನಡೆಸಿದ್ದೂ ಇಸ್ತಾಂಬುಲ್ ಎದುರಿನ ಸ್ಕುಟಾರಿಯ ಸೈನಿಕ ವಸತಿಯಲ್ಲೇ. 2023ರ ಫೆಬ್ರವರಿ 6ರಂದು ತುರ್ಕಿಯಲ್ಲಿ ಭೂಕಂಪವಾದಾಗ ಭಾರತದ ಸೇನೆಯ 99 ಮಂದಿಯ ವೈದ್ಯಕೀಯ ತಂಡವು ಇಸ್ಕೆಂದೆರುನ್ ನಗರದಲ್ಲಿ ತಾತ್ಕಾಲಿಕ ಆಸ್ಪತ್ರೆ ತೆರೆಯಿತು. ಗಾಯಕ್ಕೆ ದೇಶವಿಲ್ಲ, ಭಾಷೆಯಿಲ್ಲ. ಅದನ್ನು ಕಟ್ಟುವ ಕೈಗೂ ಇರಬೇಕಾಗಿಲ್ಲ.

ನಮ್ಮ ನೆರೆಯಲ್ಲೇ

ಸೇವೆಗೆ ಕಡಲು ದಾಟಲೇಬೇಕೆಂದೇನೂ ಇಲ್ಲ. ನಮ್ಮ ಪಕ್ಕದ ಹೆಗ್ಗಡದೇವನಕೋಟೆಯ ಕಡೆಗೆ ನೋಡಿರಿ. ಕಬಿನಿ ಜಲಾಶಯ ಹಾಗೂ ಬಂಡೀಪುರದ ಅರಣ್ಯದಿಂದಾಗಿ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬ ಜನರ ಹಾಡಿಗಳಲ್ಲಿ ಚಿಕಿತ್ಸೆಯೆಂಬುದೇ ಇರಲಿಲ್ಲ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮುಂದೆ ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆಗಳು ತಲೆಯೆತ್ತಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ಕೇಂದ್ರವು ಸೋಲಿಗರ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯರ ತರಬೇತಿ ಕೊಡಿಸಿತು. ತಮ್ಮದೇ ಭಾಷೆಯಾಡುವ ಹುಡುಗಿ ಬಾಗಿಲಿಗೆ ಬಂದರೆ ಸೂಜಿಗೆ ಹೆದರಿ ಕಾಡಿಗೆ ಓಡುವ ಬಾಣಂತಿಯೂ ನಿಲ್ಲುತ್ತಾಳೆ. ಇದನ್ನು ಮಾಡಿದವರು ನಮ್ಮ ಸಮುದಾಯದವರಲ್ಲ ಎಂಬುದು ನಮಗೆ ಅಸೂಯೆಯ ವಿಷಯವಾಗಬಾರದು. ಒಳಿತಿನಲ್ಲಿ ಪರಸ್ಪರ ಸ್ಪರ್ಧಿಸಬೇಕೆಂಬುದು ಕುರ್‌ಆನಿನ ಆಜ್ಞೆ. ಒಳಿತಿನಲ್ಲಿ ಪರಸ್ಪರ ಸಹಕರಿಸಬೇಕೆಂಬುದೂ ಅದರದೇ ಆಜ್ಞೆ.

2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ರೋಗ ಕಾಣಿಸಿಕೊಂಡಿತು. ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ಪುತುಶ್ಶೇರಿ, ರೋಗ ಯಾವುದೆಂದು ಇನ್ನೂ ಗೊತ್ತಾಗದಿದ್ದ ಸಮಯದಲ್ಲಿ ಒಬ್ಬ ಮುಸ್ಲಿಮ್ ಯುವಕನ ಶುಶ್ರೂಷೆ ಮಾಡಿದರು. ಸೋಂಕು ಅವರಿಗೂ ತಗಲಿತು. ಎರಡು ಚಿಕ್ಕ ಮಕ್ಕಳನ್ನು ಬಿಟ್ಟು ಮೇ 21ರಂದು ಅವರು ತೀರಿಕೊಂಡರು. ಒಂದು ಜೀವವನ್ನು ಉಳಿಸಿದವನು ಸಕಲ ಮಾನವರನ್ನು ಉಳಿಸಿದಂತೆ ಎಂಬ ಅಲ್‌ಮಾಇದಾ ಅಧ್ಯಾಯದ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಓದುತ್ತೇವೆ. ಆ ಬೋಧನೆಯ ಭಾರವನ್ನು ಹೊತ್ತವರು ಆ ಸಹೋದರಿ.

ಹಜ್ಜ್‌ಗೆ ಹೋಗಿ ಬಂದವರಿಗೆ ಇನ್ನೊಂದು ಸೇವೆಯ ಅನುಭವವಿದೆ. ಪ್ರತಿವರ್ಷ ಭಾರತ ಸರಕಾರವು ವಿವಿಧ ರಾಜ್ಯಗಳ ಸರಕಾರಿ ಸೇವೆಯಲ್ಲಿರುವ ವೈದ್ಯರನ್ನೂ ದಾದಿಯರನ್ನೂ ಆರಿಸಿ ಮಕ್ಕಾ ಮದೀನಗಳಿಗೆ ಕಳುಹಿಸುತ್ತದೆ. 2024ರ ಹಜ್ಜ್‌ನಲ್ಲಿ ಮಕ್ಕಾದ ತಾಪಮಾನ 51 ಡಿಗ್ರಿ ದಾಟಿತು. 1301 ಯಾತ್ರಿಕರು ಮೃತಪಟ್ಟರೆಂದು ಸೌದಿ ಸರಕಾರ ತಿಳಿಸಿತು. ಬಿಸಿಲಿನ ಹೊಡೆತಕ್ಕೆ ಕುಸಿದವರನ್ನು ಉಳಿಸುವ ಸಮಯ ತೀರಾ ಸ್ವಲ್ಪ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸಿಂಪಡಿಸಿ ಗಾಳಿ ಹಾಕಬೇಕು, ಕಂಕುಳಲ್ಲಿ ಮಂಜುಗಡ್ಡೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅಲ್ಲಾಹನ ಅತಿಥಿಗಳಿಗೆ ಈ ಸೇವೆ ಸಲ್ಲಿಸುವ ಭಾಗ್ಯ ಕನ್ನಡ ಮಾತಾಡುವ ಒಬ್ಬ ದಾದಿಗೆ ಸಿಕ್ಕರೆ, ಉರ್ದುವೂ ಅರಬಿಯೂ ಬಾರದ ನಮ್ಮ ಹಳ್ಳಿಯ ಅಜ್ಜಿಗೆ ಅದೆಷ್ಟು ನೆಮ್ಮದಿ!

ಆಕ್ಷೇಪಗಳಿಗೆ ಉತ್ತರ

ಹೆಣ್ಣು ಪರಪುರುಷರ ಉಪಚಾರ ಮಾಡಬಹುದೇ ಎಂದು ಕೆಲವರು ಕೇಳುವರು. ಇದು ಹೊಸ ಪ್ರಶ್ನೆಯಲ್ಲ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಗ್ರಂಥದ ವೈದ್ಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಶೀರ್ಷಿಕೆಯಾಗಿಟ್ಟು ರುಬಯ್ಯಿಅ್(ರ)ರ ಹದೀಸನ್ನು ಅದರ ಕೆಳಗೆ ಬರೆದಿರುವರು. ಸ್ತ್ರೀಯರಿಗೆ ಸ್ತ್ರೀಯರೂ ಪುರುಷರಿಗೆ ಪುರುಷರೂ ಉಪಚಾರ ಮಾಡುವುದು ಉತ್ತಮ. ಅದು ಸಾಧ್ಯವಿಲ್ಲದಿರುವಾಗ ಅಗತ್ಯಕ್ಕೆ ತಕ್ಕಷ್ಟು ರಿಯಾಯಿತಿ ಇದೆಯೆಂದು ವಿದ್ವಾಂಸರು ಹೇಳಿರುವರು. ಆದರೆ ಆ ಉತ್ತಮವಾದುದು ಸಾಧ್ಯವಾಗಬೇಕಾದರೆ ಕಲಿತ ಸ್ತ್ರೀಯರು ಇರಬೇಕಲ್ಲವೇ? ಹೆರಿಗೆ ಕೋಣೆಯಲ್ಲಿ ಹೆಂಗಸರೇ ಇರಬೇಕೆಂದು ಬಯಸುವವರು ಹೆಣ್ಣುಮಕ್ಕಳನ್ನು ಆ ವಿದ್ಯೆಯಿಂದ ತಡೆಯುವುದು, ಬಾವಿ ಮುಚ್ಚಿ ನೀರು ಬೇಕೆಂದು ಅಳುವಂತೆ.

ಇದು ಫರ್ಝ್ ಕಿಫಾಯಾ. ಸಮುದಾಯದಲ್ಲಿ ಅಗತ್ಯವಿದ್ದಷ್ಟು ಜನರು ಮಾಡಿದರೆ ಎಲ್ಲರ ಹೊಣೆ ತೀರಿತು. ಯಾರೂ ಮಾಡದಿದ್ದರೆ ಎಲ್ಲರೂ ಉತ್ತರ ಹೇಳಬೇಕು. ಸಹಾಯಕ ದಾದಿಯ ತರಬೇತಿ ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಮದುವೆಯ ಒಂದು ದಿನದ ಆಡಂಬರಕ್ಕೆ ಸಾಲ ಮಾಡುವ ನಾವು ಇದಕ್ಕೆ ಏಕೆ ಹಿಂಜರಿಯಬೇಕು? ಗಂಡುಮಕ್ಕಳಿಗೂ ಈ ವಿದ್ಯೆ ತೆರೆದಿದೆ ಎಂಬುದನ್ನು ಮರೆಯಬಾರದು.

ಸೇವೆಗೆ ಹೊರಡುವವರಿಗೆ

ಮೊದಲನೆಯದು ಸಂಕಲ್ಪ. ಬಡವನಿಗೂ ಅನಾಥನಿಗೂ ಸೆರೆಯಾಳಿಗೂ ಉಣಬಡಿಸಿ ಪ್ರತಿಫಲವನ್ನೂ ಕೃತಜ್ಞತೆಯನ್ನೂ ಬಯಸದವರನ್ನು ಕುರ್‌ಆನ್ ಅದ್ದಹ್ರ್ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಶಿಬಿರದಲ್ಲಿ ಮಾತ್ರೆ ಕೊಡುವಾಗ ರೋಗಿಯ ಫೋಟೋ ತೆಗೆದು ಹಂಚುವುದು ಈ ಸಂಕಲ್ಪಕ್ಕೆ ಹುಳು ಹಿಡಿಸುತ್ತದೆ. ದಾನವನ್ನು ಎತ್ತಾಡಿ ನೋಯಿಸಿದರೆ ಅದು ಬರಿದಾಗುವುದೆಂದು ಅಲ್ಲಾಹನು ಎಚ್ಚರಿಸಿರುವನು.

ಎರಡನೆಯದು ಅಮಾನತ್. ರೋಗಿಯ ಕಾಯಿಲೆ, ಅವನ ಬಡತನ, ನೋವಿನಲ್ಲಿ ಅವನಾಡಿದ ಮಾತು ಇವೆಲ್ಲ ದಾದಿಯ ಬಳಿ ಇಟ್ಟ ಅಮಾನತ್. ಅದನ್ನು ನೆರೆಮನೆಯ ಜಗಲಿಗೆ ಕೊಂಡೊಯ್ಯಬಾರದು. ಹಾಸಿಗೆ ಹಿಡಿದ ಅಸಹಾಯಕನ ಮುಂದೆ ಧರ್ಮದ ವಾದವನ್ನೂ ಹೂಡಬಾರದು. ನಿಮ್ಮ ಮೃದುವಾದ ಕೈಯೇ ಸಾಕಷ್ಟು ಹೇಳುತ್ತದೆ.

ಮೂರನೆಯದು ಯೋಗ್ಯತೆ. ವೈದ್ಯ ತಿಳಿಯದೆ ಚಿಕಿತ್ಸೆಗಿಳಿದವನು ಹಾನಿಗೆ ಹೊಣೆಗಾರನೆಂದು ಹದೀಸ್ ಹೇಳುತ್ತದೆ. ಉತ್ಸಾಹವೊಂದನ್ನೇ ನಂಬಿ ಸೂಜಿ ಹಿಡಿಯಬಾರದು.

ನಾಲ್ಕನೆಯದು ಮುಂದುವರಿಕೆ. ಒಂದು ಭಾನುವಾರ ಬಂದು ರಕ್ತದೊತ್ತಡ ನೋಡಿ ಹದಿನೈದು ದಿನದ ಮಾತ್ರೆ ಕೊಟ್ಟು ಹೋದರೆ ಹದಿನಾರನೆಯ ದಿನ ಆ ಮುದುಕಿ ಏನು ಮಾಡಬೇಕು? ಶಿಬಿರದ ಹೆಸರುಪಟ್ಟಿಯನ್ನು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ಒಪ್ಪಿಸಿ ಬರಬೇಕು. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು.

ಐದನೆಯದು ಮನೆಯ ಹಕ್ಕು. ಯುದ್ಧಕ್ಕೆ ಹೊರಡಲು ಅನುಮತಿ ಕೇಳಿದವನೊಬ್ಬನನ್ನು ಪ್ರವಾದಿವರ್ಯರು(ಸ) ತಂದೆತಾಯಿಯ ಸೇವೆಗೆ ಹಿಂದಕ್ಕೆ ಕಳುಹಿಸಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ದೂರದ ಶಿಬಿರಕ್ಕೆ ಹೋಗುವುದು ಪುಣ್ಯವಲ್ಲ. ಹೊರದೇಶಕ್ಕೆ ಹೋಗುವ ಸಂದರ್ಭ ಬಂದರೆ ಮನೆಯವರೆಲ್ಲ ಕೂಡಿ, ತಿಳಿದ ವಿದ್ವಾಂಸರನ್ನು ಕೇಳಿ ತೀರ್ಮಾನಿಸಬೇಕು.

ಹೋಗಲಾರದವರಿಗೂ ಪಾಲಿದೆ. ನರ್ಸ್ ಸೊಸೆ ರಾತ್ರಿ ಪಾಳಿ ಮುಗಿಸಿ ಬಂದಾಗ ಅತ್ತೆಯು ಮೊಮ್ಮಗುವನ್ನು ಎತ್ತಿಕೊಂಡು ಆಕೆಯನ್ನು ಮಲಗಲು ಬಿಟ್ಟರೆ ಆ ಅತ್ತೆಗೂ ಪುಣ್ಯವಿದೆ. ಜಮಾಅತಿನವರು ಝಕಾತ್‌ಗೆ ಅರ್ಹಳಾದ ಒಬ್ಬ ಬಡ ಹುಡುಗಿಯ ತರಬೇತಿಯ ಶುಲ್ಕ ಕಟ್ಟಿದರೆ ಆಕೆ ಉಪಚರಿಸುವ ಪ್ರತಿ ರೋಗಿಯಲ್ಲೂ ಅವರಿಗೆ ಪಾಲಿದೆ. ಹೆಣ್ಣು ನೋಡಲು ಹೋದಾಗ ದಾದಿಯೆಂದು ತಿಳಿದು ಮುಖ ತಿರುಗಿಸದೆ, ಇಂಥವಳು ನಮ್ಮ ಮನೆಗೆ ಬರಲೆಂದು ಹಾರೈಸಿದರೆ ಅದೂ ಒಂದು ಸೇವೆಯೇ.

ಪ್ರಿಯ ಓದುಗರೇ, ರುಫೈದಾ(ರ)ರ ಡೇರೆಗೆ ಪ್ರವಾದಿವರ್ಯರು(ಸ) ಮಸೀದಿಯಲ್ಲೇ ಜಾಗ ಕೊಟ್ಟರು. ನಾವು ನಮ್ಮ ಮನಸ್ಸಿನಲ್ಲಾದರೂ ಜಾಗ ಕೊಡೋಣ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ಮುಂದೆ ಏನಾಗಬೇಕೆಂದಿದ್ದಾಳೆಂದು ಒಮ್ಮೆ ಕೇಳಿರಿ. ಅವಳು ಸಂಕೋಚದಿಂದ ಹೇಳುವ ಉತ್ತರವನ್ನು ಪೂರ್ತಿಯಾಗಿ ಆಲಿಸಿರಿ.

ರೋಗಿಗಳಿಗೆ ಸಂಪೂರ್ಣ ಗುಣವನ್ನೂ ಅವರ ಸೇವೆಯಲ್ಲಿರುವವರಿಗೆ ಆರೋಗ್ಯವನ್ನೂ ತಾಳ್ಮೆಯನ್ನೂ ಅಲ್ಲಾಹನು ದಯಪಾಲಿಸಲಿ. ನಮ್ಮ ಮನೆಗಳಿಂದಲೂ ರುಫೈದಾರ ಹಾದಿಯಲ್ಲಿ ನಡೆಯುವ ಹೆಣ್ಣುಮಕ್ಕಳನ್ನು ಅವನು ಎಬ್ಬಿಸಲಿ. ಆಮೀನ್.