ಕರಗಿಹೋಗುವ ಸಾರುವೆ: ಮೂಳೆಗೊಂದು ನಾರಿನ ಆಸರೆ

ಬೈಕಿಂದ ಬಿದ್ದ ನಮ್ಮ ಮಾವನ ಕಾಲಿನ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ರಾಡ್ ಹಾಕಿದ್ರು; ಆಮೇಲೆ ಮೂಳೆಗೆ ಸೋಂಕಾಯ್ತು. ಡಾಕ್ಟರು ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ಮಣಿಗಳನ್ನು ಒಳಗಿಟ್ಟರು. ಕೆಲವು ವಾರ ಕಳೆದ ಮೇಲೆ ಅವನ್ನು ತೆಗೆಯೋಕಂತಲೇ ಇನ್ನೊಂದು ಆಪರೇಷನ್! "ಒಳಗೇ ಕರಗಿ ಹೋಗೋ ಹಂಗೆ ಮಾಡೋಕಾಗಲ್ವೇನೋ, ಇಂಜಿನಿಯರು?" ಅಂತ ಮಾವ ಕೇಳಿದ್ರು. ಅದಕ್ಕೆ ಉತ್ತರ ಹುಡುಕೋಣ ಬನ್ನಿ.

ಮಾತ್ರೆ ಯಾಕೆ ಸಾಲದು?

ಸೋಂಕಿನಿಂದ ಸತ್ತ ಮೂಳೆಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ಔಷಧಿಯೂ ಸರಿಯಾಗಿ ಹೋಗದು. ಹಾಗಾಗಿ ಔಷಧಿಯನ್ನು ಜಾಗದಲ್ಲೇ ಇಡಬೇಕು. ಸಿಮೆಂಟ್ ಮಣಿ ಅಂದರೆ ಪಿಎಂಎಂಎ, ನಮ್ಮ ಅಕ್ರಿಲಿಕ್ ಶೀಟಿನ ಪಾಲಿಮರೇ. ಅದು ದೇಹದಲ್ಲಿ ಕರಗುವುದಿಲ್ಲ, ಔಷಧಿಯ ಬಹುಪಾಲು ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ನಾರು ಯಾಕೆ?

ಮೂಳೆಯೇ ಒಂದು ಕಾಂಪೊಸಿಟ್: ಕೊಲಾಜೆನ್ ನಾರು, ಅದರ ಮೇಲೆ ಹೈಡ್ರಾಕ್ಸಿಅಪಟೈಟ್ ಖನಿಜ. ಅದಕ್ಕೇ ಜೀವಕೋಶಗಳು ನಾರಿನ ಜಾಲಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತವೆ. ಮನೆ ಕಟ್ಟುವಾಗ ಸಾರುವೆ ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ತೀವಲ್ಲ, ಇಲ್ಲಿ ಸಾರುವೆ ತಾನೇ ಕರಗುತ್ತದೆ. ಪಿಎಲ್‌ಜಿಎ ನೀರಿನೊಡನೆ ವರ್ತಿಸಿ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳಾಗಿ ಒಡೆಯುತ್ತದೆ. ಇದಕ್ಕೆ ವಾರಗಳಿಂದ ತಿಂಗಳುಗಳು ಬೇಕು. ಪಿಸಿಎಲ್‌ಗೆ 2-3 ವರ್ಷವೂ ಹಿಡಿಯಬಹುದು. ಕರಗುವ ಹೊಲಿಗೆ ದಾರ ನೆನಪಾಯ್ತಾ? ಅದೂ ಇದೇ ಕುಟುಂಬದ್ದು.

ನೂಲುವುದು ಹೇಗೆ?

ಸಿರಿಂಜಿನಲ್ಲಿ ಪಾಲಿಮರ್ ದ್ರಾವಣ ತುಂಬಿ, ಸೂಜಿಗೆ 10-25 ಕಿಲೋವೋಲ್ಟ್ ಕೊಡುತ್ತಾರೆ. ತುದಿಯ ಹನಿ ಶಂಕುವಿನಂತೆ ಚೂಪಾಗುತ್ತದೆ. ಇದೇ ಟೇಲರ್ ಕೋನ್. ವಿದ್ಯುತ್ ಬಲ ಮೇಲ್ಮೈ ಎಳೆತವನ್ನು ಮೀರಿದಾಗ ಎಳೆಯೊಂದು ಚಿಮ್ಮಿ, ಗಾಳಿಯಲ್ಲಿ ಚಾವಟಿಯಂತೆ ಸುತ್ತಿ ಒಣಗಿ, ಎದುರಿನ ಲೋಹದ ಹಾಳೆ ಮೇಲೆ ಕೂರುತ್ತದೆ. ಇದು ಎಲೆಕ್ಟ್ರೋಸ್ಪಿನ್ನಿಂಗ್.

ಒಂದು ಸಣ್ಣ ಲೆಕ್ಕ

ಗೋಳಕ್ಕೆ ಮೇಲ್ಮೈ ÷ ಗಾತ್ರ = 6/d. ವ್ಯಾಸ 6 ಮಿ.ಮೀ. ಇರುವ ಮಣಿಗೆ ಇದು ಪ್ರತಿ ಮಿ.ಮೀ.ಗೆ 1. ಉದ್ದನೆ ನಾರಿಗೆ 4/d. ವ್ಯಾಸ 500 ನ್ಯಾನೋಮೀಟರ್, ಅಂದರೆ 0.0005 ಮಿ.ಮೀ. ಆದರೆ 8000! ಅಷ್ಟೇ ವಸ್ತು, 8000 ಪಟ್ಟು ಮೇಲ್ಮೈ.

ಸಮಸ್ಯೆ ಶುರುವಾಗೋದೂ ಇಲ್ಲೇ. ಇಷ್ಟು ಮೇಲ್ಮೈ ಇದ್ದರೆ ಔಷಧಿ ಮೊದಲ ದಿನಗಳಲ್ಲೇ ಭರ್ರನೆ ಹೊರಬರುತ್ತದೆ. ಮೂಳೆ ಸೋಂಕಿಗೆ ಸಾಮಾನ್ಯವಾಗಿ 4-6 ವಾರ ಚಿಕಿತ್ಸೆ ಬೇಕು. ಉಳಿದ ದಿನ ಔಷಧಿ ಅರೆಬರೆ ಸಿಕ್ಕರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವ ಅಪಾಯವೂ ಇದೆ. ಪರಿಹಾರ? ಒಂದರೊಳಗೊಂದು ಸೂಜಿ ಇಟ್ಟು, ಒಳಗೆ ಔಷಧಿ, ಹೊರಗೆ ಪಾಲಿಮರ್ ಹೊದಿಕೆ ಇರುವಂತೆ ನೂಲುವುದು. ವೈರಿನ ಇನ್ಸುಲೇಷನ್ ಇದ್ದ ಹಾಗೆ.

ಇನ್ನೂ ಏನು ಬಾಕಿ?

ನಾರಿನ ಚಾಪೆಯ ರಂಧ್ರಗಳು ತೀರಾ ಚಿಕ್ಕವು. ಮೂಳೆ, ರಕ್ತನಾಳ ಒಳಗೆ ಬೆಳೆಯಲು ಸುಮಾರು 100 ಮೈಕ್ರೋಮೀಟರ್‌ಗಿಂತ ದೊಡ್ಡ ರಂಧ್ರ ಬೇಕು. ಪಿಎಲ್‌ಜಿಎ ಒಡೆದಾಗ ಸುತ್ತ ಆಮ್ಲೀಯವಾಗುತ್ತದೆ. ಹೈಡ್ರಾಕ್ಸಿಅಪಟೈಟ್ ಪುಡಿ ಬೆರೆಸಿದರೆ ಅದು ಸ್ವಲ್ಪ ತಗ್ಗುತ್ತದೆ. ಚಾಪೆ ದೇಹದ ಭಾರ ಹೊರುವುದಿಲ್ಲ, ಹಾಗಾಗಿ ರಾಡ್ ಬೇಕೇ ಬೇಕು.

ಮಾವನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಮೂಳೆ ಬೆಳೆಯೋ ವೇಗಕ್ಕೂ ಅದು ಕರಗೋ ವೇಗಕ್ಕೂ ಹೊಂದಿಕೆ ಆಗ್ಬೇಕು ಅನ್ನು" ಅಂದ್ರು. ಇಡೀ ವಿಷಯದ ಡಿಸೈನ್ ಪ್ರಾಬ್ಲಂ ಅದೇ, ಒಂದೇ ಸಾಲಲ್ಲಿ!