ಶನಿ ಎಷ್ಟು ದೂರ? (ಸೌರವ್ಯೂಹದ ಅಳತೆಯ ಒಂದು ಪಾಠ)



ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ತರುಣರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು. ಅವರು ಗೋದಾಮೊಂದರಲ್ಲಿ ದುಡಿಯುವವರು. ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ಈ ವರ್ಷ ರಾತ್ರಿ ಶಾಲೆಗೆ ಹೆಸರು ಹಚ್ಚಬೇಕೆಂದಿದ್ದರು. ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು: ಅವರ ರಾಶಿಗೆ ಸಾಡೇಸಾತಿ ಸುರುವಾಗಿದೆ, ಏಳೂವರೆ ವರ್ಷ ಯಾವ ಹೊಸ ಕೆಲಸಕ್ಕೂ ಕೈ ಹಚ್ಚಬಾರದು ಎಂದು. “ಅಣ್ಣಾ, ಆ ಶನಿ ಇರುವುದೆಲ್ಲಿ? ಏಳೂ ಅಲ್ಲ, ಎಂಟೂ ಅಲ್ಲ, ಏಳೂವರೆಯೇ ಏಕೆ?” ಎಂದು ಅವರು ಕೇಳಿದರು. ಪ್ರಶ್ನೆ ಬಹಳ ಒಳ್ಳೆಯದು. ಇದಕ್ಕೆ ಉತ್ತರ ಹೇಳಬೇಕಾದರೆ ಸೌರವ್ಯೂಹದ ಅಳತೆಯನ್ನೇ ಹೇಳಬೇಕಾಗುತ್ತದೆ. ಆದುದರಿಂದ ಈ ಸಲದ ಪಾಠವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕೂಡುವುದು, ಗುಣಿಸುವುದು ಬಂದರೆ ಸಾಕು. ಬೇರೆ ಗಣಿತ ಬೇಕಿಲ್ಲ.

ಏಳೂವರೆಯ ಲೆಕ್ಕ

ಸೂರ್ಯನ ಸುತ್ತ ಎಂಟು ಗ್ರಹಗಳು ತಿರುಗುತ್ತವೆ. ಒಳಗಿನಿಂದ ಹೊರಕ್ಕೆ ಎಣಿಸಿದರೆ ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ನಾವು ಶಾಲೆಯಲ್ಲಿ ಒಂಬತ್ತನೆಯದೆಂದು ಕಲಿತ ಪ್ಲೂಟೊವನ್ನು 2006ರಲ್ಲಿ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಶನಿಯವರೆಗಿನ ಗ್ರಹಗಳು ಬರಿಗಣ್ಣಿಗೆ ಕಾಣುವುದರಿಂದ ಅವುಗಳ ನಡೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಯುರೇನಸ್ ಗ್ರಹವೆಂದು ತಿಳಿದದ್ದು 1781ರಲ್ಲಿ, ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ. ಎರಡೂ ದುರ್ಬೀನಿನ ಸಹಾಯದಿಂದ.

ಆಕಾಶದಲ್ಲಿ ಗ್ರಹಗಳು ನಡೆಯುವ ದಾರಿಯನ್ನು ಹಿರಿಯರು ಹನ್ನೆರಡು ಪಾಲು ಮಾಡಿ ಒಂದೊಂದು ಪಾಲಿಗೆ ರಾಶಿ ಎಂದು ಹೆಸರಿಟ್ಟರು. ಶನಿ ಒಂದು ಸುತ್ತು ಮುಗಿಸಲು ಸುಮಾರು 29½ ವರ್ಷ ಬೇಕು. ಇದನ್ನು ಹನ್ನೆರಡರಿಂದ ಭಾಗಿಸಿದರೆ ರಾಶಿಗೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಅದರ ಮುಂದಿನದು ಎಂದು ಮೂರು ರಾಶಿ ಹಿಡಿದರೆ ಏಳೂವರೆ ವರ್ಷ. ಏಳೂವರೆ ಬಂದದ್ದು ಹೀಗೆ.

ಇನ್ನೊಂದು ಮಾತನ್ನೂ ಗಮನಿಸಬೇಕು. ಹನ್ನೆರಡು ರಾಶಿಗಳಲ್ಲಿ ಯಾವಾಗ ನೋಡಿದರೂ ಮೂರು ರಾಶಿಯವರಿಗೆ ಸಾಡೇಸಾತಿ ನಡೆಯುತ್ತಲೇ ಇರುತ್ತದೆ. ಅಂದರೆ ಸರಾಸರಿ ನಾಲ್ವರಲ್ಲಿ ಒಬ್ಬರಿಗೆ. ನಮ್ಮ ವಾಚನಾಲಯದಲ್ಲಿ ಪರೀಕ್ಷೆಗೆ ಓದಿ ಪಾಸಾದವರಲ್ಲಿಯೂ ಆ ನಾಲ್ಕನೆಯ ಒಂದು ಪಾಲಿನವರು ಇದ್ದೇ ಇರಬೇಕಲ್ಲವೆ?

ಸುತ್ತಿನ ಕಾಲದಿಂದ ದೂರ

ಶನಿಗೆ ಶನೈಶ್ಚರ ಎಂಬ ಹೆಸರೂ ಉಂಟು. ಸಂಸ್ಕೃತದಲ್ಲಿ ಅದರ ಅರ್ಥ ನಿಧಾನವಾಗಿ ನಡೆಯುವವನು. ಹಿರಿಯರು ಕಣ್ಣಿಂದ ನೋಡಿ ಇಟ್ಟ ಹೆಸರು ಇದು. ಈ ನಿಧಾನಕ್ಕೆ ಕಾರಣ ದೂರ.

ಜರ್ಮನಿಯ ಕೆಪ್ಲರ್ ಎಂಬ ವಿದ್ವಾಂಸನು 1619ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ಗ್ರಹವು ಸೂರ್ಯನನ್ನು ಒಂದು ಸುತ್ತು ಹಾಕಲು ಎಷ್ಟು ವರ್ಷ ಹಿಡಿಯುತ್ತದೆಯೋ ಆ ಸಂಖ್ಯೆಯನ್ನು ಎರಡು ಸಲ ಬರೆದು ಗುಣಿಸಿರಿ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದು ಇಟ್ಟುಕೊಂಡು, ಆ ಗ್ರಹದ ದೂರವನ್ನು ಮೂರು ಸಲ ಬರೆದು ಗುಣಿಸಿರಿ. ಎರಡು ಉತ್ತರಗಳೂ ಒಂದೇ ಆಗಿರುತ್ತವೆ.

ಮೊದಲು ಗುರುವಿನ ಲೆಕ್ಕ ನೋಡೋಣ. ಗುರು ವರ್ಷಕ್ಕೆ ಸುಮಾರು ಒಂದು ರಾಶಿ ದಾಟುತ್ತಾನೆಂದು ಪಂಚಾಂಗ ನೋಡುವವರೆಲ್ಲ ಬಲ್ಲರು. ನಿಖರವಾಗಿ ಹೇಳಿದರೆ ಅವನ ಒಂದು ಸುತ್ತಿಗೆ 11.86 ವರ್ಷ. 11.86 × 11.86 = 140.66. ಈಗ 5.2 × 5.2 × 5.2 ಮಾಡಿ ನೋಡಿರಿ, 140.61 ಬರುತ್ತದೆ. ಅಂದಮೇಲೆ ಗುರುವಿನ ದೂರ ಭೂಮಿಯ ದೂರದ 5.2 ಪಟ್ಟು. ಶನಿಗೆ 29½ × 29½ = 870. 9½ನ್ನು ಮೂರು ಸಲ ಗುಣಿಸಿದರೆ 857. ಆದುದರಿಂದ ಶನಿಯ ದೂರ 9½ ಪಟ್ಟಿಗಿಂತ ತುಸು ಹೆಚ್ಚು.

ಹಾಗಾದರೆ ಆ ‘1’ ಎಷ್ಟು? ಶುಕ್ರಗ್ರಹವು ಸೂರ್ಯನ ಮುಂದೆ ಕಪ್ಪು ಚುಕ್ಕೆಯಂತೆ ಹಾದುಹೋಗುವುದು ಬಹಳ ಅಪರೂಪ. 1761ರಲ್ಲಿಯೂ 1769ರಲ್ಲಿಯೂ ಹಾಗೆ ಆದಾಗ ಬೇರೆ ಬೇರೆ ದೇಶಗಳಲ್ಲಿ ನಿಂತು ನೋಡಿದರು. ನೋಡುವ ಜಾಗ ಬದಲಾದಂತೆ ಚುಕ್ಕೆಯ ದಾರಿಯೂ ಸ್ವಲ್ಪ ಬದಲಾಗಿ ಕಾಣುತ್ತದೆ. ಮುಖದ ಮುಂದೆ ಬೆರಳು ಹಿಡಿದು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿದರೆ ಬೆರಳು ಸರಿದಂತೆ ಕಾಣುವುದಿಲ್ಲವೆ, ಹಾಗೆಯೇ. ಆ ವ್ಯತ್ಯಾಸದಿಂದ ದೂರವನ್ನು ಗುಣಿಸಿದರು. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಕಳುಹಿಸಿ, ಅದು ಮರಳಿ ಬರುವ ವೇಳೆಯಿಂದ ಇನ್ನೂ ನಿಖರವಾಗಿ ಅಳೆದರು. ಸೂರ್ಯನಿಂದ ಭೂಮಿಗೆ ಸುಮಾರು 15 ಕೋಟಿ ಕಿಲೋಮೀಟರು. ಇದನ್ನು 9½ಕ್ಕೂ ತುಸು ಹೆಚ್ಚಾಗಿ ಗುಣಿಸಿದರೆ ಶನಿಯ ದೂರ ಸುಮಾರು 143 ಕೋಟಿ ಕಿಲೋಮೀಟರು.

ಶನಿಯ ದಾರಿ ನಮ್ಮ ದಾರಿಗಿಂತ ಒಂಬತ್ತೂವರೆ ಪಟ್ಟು ಉದ್ದ. ಮೇಲಾಗಿ ದೂರ ಹೋದಂತೆ ಸೂರ್ಯನ ಸೆಳೆತ ಕಡಿಮೆಯಾಗಿ ಗ್ರಹದ ವೇಗವೂ ಇಳಿಯುತ್ತದೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರು ಓಡಿದರೆ ಶನಿ 10 ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಉದ್ದದ ದಾರಿ, ಕಡಿಮೆ ವೇಗ: ಅದಕ್ಕೇ 29½ ವರ್ಷ.

ಚಕ್ಕೋತ ಹಣ್ಣು, ರಾಗಿ ಕಾಳು

ಕೋಟಿಗಳನ್ನು ಬರೆಯುವುದು ಸುಲಭ, ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಆದುದರಿಂದ ಎಲ್ಲವನ್ನೂ ಸಾವಿರ ಕೋಟಿಯಿಂದ ಭಾಗಿಸಿಬಿಡೋಣ. ಆಗ ಸೂರ್ಯನು 14 ಸೆಂಟಿಮೀಟರು ಅಡ್ಡಗಲದ ಒಂದು ಚಕ್ಕೋತ ಹಣ್ಣು. ಅದನ್ನು ವಾಚನಾಲಯದ ಬಾಗಿಲಲ್ಲಿಟ್ಟು ಎರಡೂವರೆ ಅಡಿಯ ಹೆಜ್ಜೆ ಇಡುತ್ತ ಹೊರಡಿರಿ.

ಬುಧ: ಚಿರೋಟಿ ರವೆಯ ಕಣ, 8 ಹೆಜ್ಜೆಯಲ್ಲಿ.
ಶುಕ್ರ: ಸಣ್ಣ ರಾಗಿ ಕಾಳು, 14 ಹೆಜ್ಜೆಯಲ್ಲಿ.
ಭೂಮಿ: ಅಂಥದೇ ರಾಗಿ ಕಾಳು, 20 ಹೆಜ್ಜೆಯಲ್ಲಿ.
ಮಂಗಳ: ಗಸಗಸೆ ಕಾಳು, 30 ಹೆಜ್ಜೆಯಲ್ಲಿ.
ಗುರು: ಹುಡುಗರು ಆಡುವ ಗೋಲಿ, 104 ಹೆಜ್ಜೆಯಲ್ಲಿ.
ಶನಿ: ಅದಕ್ಕಿಂತ ತುಸು ಚಿಕ್ಕ ಗೋಲಿ, 190 ಹೆಜ್ಜೆಯಲ್ಲಿ.
ಯುರೇನಸ್: ಹೆಸರು ಕಾಳು, 383 ಹೆಜ್ಜೆಯಲ್ಲಿ.
ನೆಪ್ಚೂನ್: ಇನ್ನೊಂದು ಹೆಸರು ಕಾಳು, 600 ಹೆಜ್ಜೆಯಲ್ಲಿ.

ನಮ್ಮ ಚಂದ್ರನು ರಾಗಿ ಕಾಳಿನಿಂದ ನಾಲ್ಕು ಸೆಂಟಿಮೀಟರು ದೂರದಲ್ಲಿರುವ ಒಂದು ಧೂಳಿನ ಕಣ. 1969ರಲ್ಲಿ ಮನುಷ್ಯನು ಕಾಲಿಟ್ಟದ್ದು ಆ ಕಣದ ಮೇಲೆ; 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದದ್ದೂ ಅಲ್ಲಿಯೇ. ಸೂರ್ಯನನ್ನು ಅಭ್ಯಾಸ ಮಾಡಲು ಅದೇ ವರ್ಷ ಹೊರಟ ಆದಿತ್ಯ-ಎಲ್1 ನೌಕೆ 15 ಲಕ್ಷ ಕಿಲೋಮೀಟರು ಹೋಗಿ ನಿಂತಿತು. ನಮ್ಮ ಮಾದರಿಯಲ್ಲಿ ಅದು ಒಂದು ಗೇಣೂ ಆಗುವುದಿಲ್ಲ.

ಶಾಲೆಯ ಗೋಡೆಯ ಪಟಗಳಲ್ಲಿ ಗ್ರಹಗಳನ್ನು ಮಣಿಸರದಂತೆ ಒತ್ತೊತ್ತಾಗಿ ಬರೆದಿರುತ್ತಾರೆ. ಅದು ಬರೆದವರ ತಪ್ಪಲ್ಲ. ಗುರುವನ್ನು ಗೋಲಿಯಷ್ಟು ಬರೆದು ದೂರವನ್ನೂ ಸರಿಯಾಗಿ ತೋರಿಸಬೇಕಾದರೆ ಅರ್ಧ ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ಉದ್ದದ ಕಾಗದ ಬೇಕಾದೀತು. ಸೌರವ್ಯೂಹದಲ್ಲಿ ಹೆಚ್ಚಾಗಿರುವುದು ಬರಿ ಬಯಲು.

ಅದರಾಚೆ? 1977ರಲ್ಲಿ ಹೊರಟ ವಾಯೇಜರ್-1 ನೌಕೆ 35 ವರ್ಷ ಎಡೆಬಿಡದೆ ಓಡಿ, 2012ರಲ್ಲಿ ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಎಲ್ಲೆಯನ್ನು ದಾಟಿತು. ನಮ್ಮ ಮಾದರಿಯಲ್ಲಿ ಅದು ಅಷ್ಟು ವರ್ಷಕ್ಕೆ ನಡೆದದ್ದು ಎರಡು ಕಿಲೋಮೀಟರಿಗಿಂತ ಕಡಿಮೆ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರವು ಇದೇ ಮಾದರಿಯಲ್ಲಿ ಸುಮಾರು 4,000 ಕಿಲೋಮೀಟರು ದೂರ. ಮುಂಬಯಿಯಿಂದ ರೈಲಿನಲ್ಲಿ ದೆಹಲಿಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ದೆಹಲಿಗೆ ಹೋದಷ್ಟು ದಾರಿ.

ಕಡೆಯ ಮಾತು

ಒಂದು ರವಿವಾರ ಬೆಳಿಗ್ಗೆ ಆ ತರುಣರೂ ನಾನೂ ಇದನ್ನು ಮಾಡಿ ನೋಡಿದೆವು. ರಾಗಿ ಕಾಳನ್ನು ಒಂದು ಕಾಗದದ ಮೇಲಿಟ್ಟು ಅವರು ಗೋಲಿ ಹಿಡಿದು 190 ಹೆಜ್ಜೆ ನಡೆದರು. ಅಲ್ಲಿಂದ ಹಿಂದಿರುಗಿ ನೋಡಿ, “ಅಣ್ಣಾ, ಕಾಳು ಎಲ್ಲಿಯೂ ಕಾಣುವುದಿಲ್ಲ!” ಎಂದು ಕೂಗಿದರು. ನಿಜವಾಗಿ ಶನಿಯ ಬಳಿಯಿಂದ ಭೂಮಿ ಹೇಗೆ ಕಾಣುತ್ತದೆಂಬುದೂ ತಿಳಿದಿದೆ. 2013ರ ಜುಲೈ 19ರಂದು ಕ್ಯಾಸಿನಿ ನೌಕೆ ಶನಿಯ ಬಳಿಯಿಂದ ಚಿತ್ರ ತೆಗೆಯಿತು. ಶನಿಯ ಬಳೆಗಳ ಕೆಳಗೆ ಬೆಳಕಿನ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯಲ್ಲಿ ನಮ್ಮ ಊರು, ಈ ಪಟ್ಟಣ, ಗೋದಾಮು, ರಾತ್ರಿ ಶಾಲೆ ಎಲ್ಲವೂ ಅಡಗಿವೆ.

ನಂಬಿಕೆ ಅವರವರಿಗೆ ಬಿಟ್ಟದ್ದು. ಹಿರಿಯರ ಮಾತನ್ನು ಹಳಿಯುವುದು ಈ ಪಾಠದ ಉದ್ದೇಶವಲ್ಲ. ಆದರೆ ಮೇಲಿನ ಲೆಕ್ಕವನ್ನು ಎಷ್ಟು ಸಲ ತಾಳೆ ನೋಡಿದರೂ ರಾತ್ರಿ ಶಾಲೆಯ ಬಾಬ್ತು ನನಗೆ ಅದರಲ್ಲಿ ಎಲ್ಲಿಯೂ ಸಿಗಲಿಲ್ಲ. ಗಂಟೆಗೆ ನೂರು ಕಿಲೋಮೀಟರು ಓಡುವ ರೈಲು ಎಲ್ಲಿಯೂ ನಿಲ್ಲದೆ ಹೋದರೂ ಶನಿಯನ್ನು ಮುಟ್ಟಲು 1,400 ವರ್ಷಕ್ಕೂ ಹೆಚ್ಚು ಬೇಕು. ರಾತ್ರಿ ಶಾಲೆ ಇರುವುದು ಮುಂದಿನ ಓಣಿಯಲ್ಲಿ. ಹೆಸರು ಹಚ್ಚಲು ಇನ್ನೂ ವೇಳೆ ಇದೆಯೆಂದು ಅವರಿಗೆ ಹೇಳಿದ್ದೇನೆ.

ಓದುಗರಿಗೆ ಒಂದು ಅಭ್ಯಾಸ: ಮಂಗಳನ ಒಂದು ಸುತ್ತಿಗೆ 1.88 ವರ್ಷ. ಕೆಪ್ಲರನ ನಿಯಮದಂತೆ ಅದರ ದೂರ ಎಷ್ಟು? ಉತ್ತರ ಒಂದೂವರೆಗಿಂತ ತುಸು ಹೆಚ್ಚು ಬಂದರೆ ನಿಮ್ಮ ಲೆಕ್ಕ ಸರಿ.