ಸಾಲ ಕೊಟ್ಟವರು ಯಾರು?

ಪ್ರಶ್ನೆ: ತಾಂಬರಂನಲ್ಲಿ ನೆಲೆಸಿರುವ ಕನ್ನಡಿಗ ನಾನು. ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲದ ಎರಡು ಕಂತು ತಪ್ಪಿದ್ದಕ್ಕೆ ರಾತ್ರಿ ಹೊತ್ತು ಊರಿನ ಭಾವನವರಿಗೂ ಫೋನ್ ಮಾಡಿ ಬೈಯುತ್ತಿದ್ದಾರೆ. ಕಂಪನಿ ಬೆಂಗಳೂರಿನದಂತೆ. ನನಗೆ ಅನ್ವಯಿಸುವುದು ತಮಿಳುನಾಡಿನ ಕಾನೂನೋ, ಕರ್ನಾಟಕದ್ದೋ?

ಉತ್ತರ: ರಾಜ್ಯದ ಮಾತು ಆಮೇಲೆ. ಹಣ ಕೊಟ್ಟವರಿಗೆ ರಿಸರ್ವ್ ಬ್ಯಾಂಕಿನ ನೋಂದಣಿ ಇದೆಯೇ ಎಂದು ಮೊದಲು ನೋಡಿ. ಆ್ಯಪ್ ಬರೀ ಮಧ್ಯವರ್ತಿಯಾಗಿರಬಹುದು. ಅದರ ಹಿಂದೆ ಬ್ಯಾಂಕೋ ಬ್ಯಾಂಕೇತರ ಹಣಕಾಸು ಕಂಪನಿಯೋ ಇರಬೇಕು. ಸಾಲದ ಕರಾರಿನಲ್ಲಿ ಆ ಹೆಸರು ಹುಡುಕಿ.

ನೋಂದಣಿ ಇದ್ದರೆ ರಾಜ್ಯಗಳ ಲೇವಾದೇವಿ ಕಾಯ್ದೆಗಳು ಅಂಥ ಕಂಪನಿಯನ್ನು ಮುಟ್ಟುವುದಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೀಗೆಂದಿದೆ. ಅಲ್ಲಿ ನಡೆಯುವುದು ರಿಸರ್ವ್ ಬ್ಯಾಂಕಿನ ನಿಯಮ. ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಕೂಡದೆಂದು 2022ರ ಆಗಸ್ಟ್‌ನಲ್ಲಿ ಅದು ಸುತ್ತೋಲೆ ಹೊರಡಿಸಿತು. ಮನೆಯವರ, ಸ್ನೇಹಿತರ ಮಾನ ಹರಾಜು ಹಾಕುವುದೂ ನಿಷಿದ್ಧ. ಮರುತಿಂಗಳ ಮಾರ್ಗಸೂಚಿ, ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳ ಪಟ್ಟಿಗೆ ಕೈಹಾಕಬಾರದೆಂದಿತು. ಹಾಗಿದ್ದ ಮೇಲೆ ಭಾವನವರ ನಂಬರು ಸಿಕ್ಕಿದ್ದೆಲ್ಲಿ? ಇದನ್ನೇ ಲಿಖಿತ ದೂರಿನಲ್ಲಿ ಕಂಪನಿಯನ್ನು ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಹಾರಿಕೆಯದಾಗಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448.

ನೋಂದಣಿಯೇ ಇಲ್ಲವೆಂದಾದರೆ ಅದು ಪೊಲೀಸರ ಕೆಲಸ. ತಾಂಬರಂಗೆ 2022ರಿಂದ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಇದೆ. ಸೈಬರ್ ವಂಚನೆಯ ಸಹಾಯವಾಣಿ 1930. ಕಂದುವಟ್ಟಿ, ಮೀಟರ್ ವಟ್ಟಿ ಎಂಬ ವಿಪರೀತ ಬಡ್ಡಿಗಳ ವಿರುದ್ಧ ತಮಿಳುನಾಡಿನಲ್ಲಿ 2003ರಿಂದಲೇ ಕಾಯ್ದೆಯಿದೆ, ಬಲವಂತದ ವಸೂಲಿ ತಡೆಯಲು 2025ರಲ್ಲಿ ಇನ್ನೊಂದು ಬಂತು. ಕಂಪನಿ ಬೆಂಗಳೂರಿನದೆಂದು ಹಿಂಜರಿಯಬೇಡಿ: ಆ್ಯಪ್ ಸಾಲದ ದಂಧೆಯೊಂದರ ಬೆನ್ನುಹತ್ತಿದ ಚೆನ್ನೈ ಪೊಲೀಸರು 2021ರ ಜನವರಿಯಲ್ಲಿ ಬೆಂಗಳೂರಿಗೇ ಬಂದು ಇಬ್ಬರು ಚೀನೀಯರನ್ನು ಹಿಡಿದರು.

ಕರ್ನಾಟಕದ 2025ರ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆಯಿಂದ ಸಾಲವೇ ಮನ್ನಾ ಆಯಿತೆಂಬ ಸುದ್ದಿ ನಿಮ್ಮಲ್ಲಿಗೂ ಬಂದಿರಬಹುದು. ರಿಸರ್ವ್ ಬ್ಯಾಂಕಿನ ನೋಂದಣಿ ಇದ್ದವರ ಸಾಲಕ್ಕೆ ಆ ಮನ್ನಾ ಇಲ್ಲ. ಬೈದವನು ತಪ್ಪಿತಸ್ಥನಾದರೂ ಅಸಲು ನಿಮ್ಮ ತಲೆಯ ಮೇಲೆಯೇ ಇರುತ್ತದೆ.

ಕರೆಗಳ ರೆಕಾರ್ಡಿಂಗ್, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ. ಈ ಕಂತು ಕಟ್ಟಲು ಇನ್ನೊಂದು ಆ್ಯಪ್‌ನಲ್ಲಿ ಮಾತ್ರ ಸಾಲ ತೆಗೆಯಬೇಡಿ.